ಬಚ್ಚಿಟ್ಟ ಗಾಯ

ಬೆಳಗಿನ ಹಾಲು ಕರೆದು ಮುಗಿಯುವಷ್ಟರಲ್ಲಿ ಆ ಮನೆಯ ಅಂಗಳದಲ್ಲಿ ಜನ ಸೇರುತ್ತಿದ್ದರು. ಕೊಟ್ಟಿಗೆಯಲ್ಲಿ ಹನ್ನೆರಡು ಹಸು, ಹಿತ್ತಲಾಚೆ ಹುಲ್ಲುಗಾವಲು. ಹಸುವಿಗೆ ಅಂಟುವ ಉಣ್ಣಿ ಮನುಷ್ಯರನ್ನು ಬಿಟ್ಟೀತೇ? ರಕ್ತ ಹೀರಿ ಕಾಳಿನಂತೆ ಉಬ್ಬಿದ ಉಣ್ಣಿಯನ್ನು ಕಿವಿಯ ಹಿಂದೆಯೋ ಕಂಕುಳಲ್ಲೋ ಹೊತ್ತು ಬಂದವರಿಗೆಲ್ಲ ಆ ಮನೆಯ ಅತ್ತೆಯೇ ವೈದ್ಯೆ. ಉರಿಯುವ ಬತ್ತಿಯಿಂದ ಉಣ್ಣಿಯನ್ನು ಸುಟ್ಟು, ಗಾಯಕ್ಕೆ ಒಲೆಯ ಬೂದಿ ಮೆತ್ತುವುದು ಆಕೆಯ ಚಿಕಿತ್ಸೆ. ಆಕೆಯ ಅತ್ತೆ ಮಾಡಿದ್ದೂ ಅದನ್ನೇ. ಆಮೇಲೆ ಜ್ವರ ಹಿಡಿದು ನರಳಿದವರಿದ್ದರು, ಸತ್ತವರೂ ಇದ್ದರು. ಅದು ಅವರವರ ಹಣೆಬರಹ. ವಾಸಿಯಾದವರದು ಮಾತ್ರ ಅತ್ತೆಯ ಕೈಗುಣ!

ಆ ಕೈಗುಣ ಮುಂದೆ ತನ್ನದಾಗುತ್ತದೆಂದು ದೊಡ್ಡ ಸೊಸೆ ಹದಿಮೂರು ವರ್ಷ ಕಾದಿದ್ದಳು. ಸಗಣಿ ಬಾಚಿ ಬಾಚಿ ಬೆರಳು ಬಿರಿದಿದ್ದರೂ, ಒಂದು ದಿನ ಜನ ತನ್ನೆದುರು ಕೈಮುಗಿದು ನಿಲ್ಲುತ್ತಾರೆಂಬ ಆಸೆಯೇ ಅವಳನ್ನು ಎಬ್ಬಿಸಿ ಕೊಟ್ಟಿಗೆಗೆ ಕಳಿಸುತ್ತಿತ್ತು. ಅಷ್ಟರಲ್ಲಿ ಬಂದಳು ಚಿಕ್ಕ ಸೊಸೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಇಸ್ತ್ರಿ ಮಾಡಿದ ಬಿಳಿ ಕೋಟು. ಅವಳು ಬಾಯಿ ತೆರೆದರೆ ಮನೆಯ ಗಂಡಸರೆಲ್ಲ ತಲೆಯಾಡಿಸುತ್ತಿದ್ದರು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ತನ್ನ ಏಳು ವರ್ಷದ ಮಗಳು, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ, ಶಾಲೆಯಿಂದ ಬಂದವಳೇ ಚೀಲ ಎಸೆದು "ಚಿಕ್ಕಮ್ಮಾ" ಎಂದು ಓಡುವಾಗ ದೊಡ್ಡ ಸೊಸೆಯ ಹೊಟ್ಟೆಗೆ ಕೆಂಡ ಸುರಿದಂತಾಗುತ್ತಿತ್ತು. ಹೆತ್ತವಳು ನಾನು, ಮುದ್ದು ಅವಳಿಗೆ!

ಒಂದು ಸಂಜೆ ಗುಬ್ಬಿಯ ಮಂಡಿಯ ಹಿಂದೆ ಉಣ್ಣಿ ಕಚ್ಚಿತು. ಅವಳು ಅದನ್ನೂ ಮೊದಲು ತೋರಿಸಿದ್ದು ಚಿಕ್ಕಮ್ಮನಿಗೇ.

"ಅಕ್ಕಾ, ಬತ್ತಿ ಬೇಡ," ಎಂದಳು ಚಿಕ್ಕ ಸೊಸೆ, ಚಿಮ್ಮಟ ಹುಡುಕುತ್ತಾ. "ಸುಟ್ಟರೆ ಅದು ಹೊಟ್ಟೇಲಿರೋ ವಿಷಾನೆಲ್ಲ ಗಾಯದೊಳಗೇ ಕಕ್ಕಬಹುದು. ನಮ್ಮ ಚರ್ಮದ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಸಂಸಾರ ಹೂಡಿರ್ತವೆ. ಅವು ಒಂದಕ್ಕೊಂದು ಹೊಂದ್ಕೊಂಡು ಇರೋವರೆಗೂ ನಮಗೆ ತೊಂದರೆಯಿಲ್ಲ. ಉಣ್ಣಿ ಕಚ್ಚಿದ ಕಡೆ ಆ ಸಂಸಾರವೇ ಅಲ್ಲೋಲಕಲ್ಲೋಲ ಆಗುತ್ತೆ. ಅದರ ಮೇಲೆ ಸುಟ್ಟು ಬೂದಿ ಮೆತ್ತಿದರೆ ರೋಗಕ್ಕೆ ನಾವೇ ಬಾಗಿಲು ತೆಗೆದ ಹಾಗೆ."

"ನಿನ್ನೆ ಮೊನ್ನೆ ಬಂದೋಳು ನನಗೆ ಬುದ್ಧಿ ಹೇಳ್ತೀಯಾ?" ಒಳಗಿನಿಂದ ಅತ್ತೆ ಗುಡುಗಿದಳು. "ನಿನ್ನ ಗಂಡನಿಗೆ ಕಚ್ಚಿದಾಗಲೂ ನಾನೇ ಸುಟ್ಟಿದ್ದು. ಸತ್ತನಾ ಅವನು?"

"ಬದುಕಿದ್ದು ಅವರ ಅದೃಷ್ಟ ಅತ್ತೆ, ಬತ್ತಿಯಿಂದಲ್ಲ."

ಚಿಕ್ಕ ಸೊಸೆಯ ಮಾತು ಸರಿಯಿರಬಹುದೆಂದು ದೊಡ್ಡ ಸೊಸೆಗೆ ಆ ಕ್ಷಣವೇ ಅನಿಸಿತ್ತು. ಅನಿಸಿದ್ದಕ್ಕೇ ಸಿಟ್ಟು ಇನ್ನೂ ಏರಿತು. ಮಗಳ ರಟ್ಟೆ ಹಿಡಿದೆಳೆದು, "ನನ್ನ ಮಗಳು, ನಾನು ನೋಡ್ಕೋತೀನಿ," ಎಂದು ತಾನೇ ಬತ್ತಿ ಹಚ್ಚಿದಳು. ಮಗು ಕಿರುಚಿತು. ಉಣ್ಣಿಯ ಒಡಲು ಸಿಡಿಯಿತು, ಬಾಯಿ ಚರ್ಮದಲ್ಲೇ ಉಳಿಯಿತು.

ಮೂರನೆಯ ದಿನ ಗಾಯದ ಸುತ್ತ ಕೆಂಪು ಹಬ್ಬಿ ಕೀವು ಕಟ್ಟಿತು. ಚಿಕ್ಕ ಸೊಸೆ ಇದನ್ನು ಕಂಡರೆ ಅವಳು ಎಲ್ಲರೆದುರು ಗೆದ್ದಂತಾಗುತ್ತದಲ್ಲ! ದೊಡ್ಡ ಸೊಸೆ ಮಗಳಿಗೆ ಉದ್ದದ ಪೈಜಾಮ ತೊಡಿಸಿದಳು, ಚಿಕ್ಕಮ್ಮನ ಕೋಣೆಗೆ ಹೋಗಕೂಡದೆಂದು ಗದರಿದಳು. ಜ್ವರ ಬಂದಾಗ ನೆಗಡಿ ಎಂದಳು.

"ಒಂದು ಸಲ ನೋಡ್ಲಾ ಅಕ್ಕಾ?"

"ಮಲಗಿದ್ದಾಳೆ. ಎಬ್ಬಿಸಬೇಡ."

ಐದನೆಯ ದಿನ ಮಧ್ಯಾಹ್ನ ಗುಬ್ಬಿಯ ಮೈ ಸುಡುತ್ತಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಒಣಗಿದ ತುಟಿಯಿಂದ ಅವಳು ಒಂದೇ ಮಾತು ಬಡಬಡಿಸುತ್ತಿದ್ದಳು: "ಹೇಳಲ್ಲಮ್ಮಾ... ಚಿಕ್ಕಮ್ಮಂಗೆ ನಾ ಹೇಳಲ್ಲಮ್ಮಾ..."

ಆ ಮಾತು ಕೇಳಿದ್ದೇ ದೊಡ್ಡ ಸೊಸೆ ಮಗಳನ್ನು ಹೆಗಲಿಗೇರಿಸಿ, ಕಾಲಿಗೆ ಚಪ್ಪಲಿಯೂ ಇಲ್ಲದೆ ಆಸ್ಪತ್ರೆಗೆ ಓಡಿದಳು. ಲ್ಯಾಬಿನ ಬಾಗಿಲಲ್ಲಿ ನಿಂತು, "ನಾನೇ ಬಚ್ಚಿಟ್ಟೆ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಬಚ್ಚಿಟ್ಟೆ," ಎಂದು ಕುಸಿದಳು. ಚಿಕ್ಕ ಸೊಸೆ ಮಗುವನ್ನು ಎತ್ತಿಕೊಂಡು ಡಾಕ್ಟರ ಕೋಣೆಗೆ ಓಡಿದಳು.

ಹನ್ನೊಂದು ದಿನ ಗುಬ್ಬಿಯ ಜೀವ ತೂಗುಯ್ಯಾಲೆಯಲ್ಲಿತ್ತು. ಉಣ್ಣಿ ತಂದ ರೋಗ ಒಂದು ಕಡೆ, ಸುಟ್ಟ ಗಾಯದಿಂದ ನೆತ್ತರಿಗೆ ಇಳಿದ ನಂಜು ಇನ್ನೊಂದು ಕಡೆ ಎಂದರು ಡಾಕ್ಟರು. ಗುಬ್ಬಿ ಉಳಿದಳು. ಆದರೆ ನಂಜು ಏರಿ ಎಡಗಿವಿ ಕೇಳದಾಯಿತು. ಮಗಳು ಚಿಕ್ಕಮ್ಮನ ಬೆರಳು ಹಿಡಿದು ನಿದ್ರಿಸುವುದನ್ನು ಕಂಡಾಗ ದೊಡ್ಡ ಸೊಸೆಗೆ ಈಗಲೂ ಚುರ್ರೆನ್ನುತ್ತಿತ್ತು. ಅದಕ್ಕೆ ಯಾವ ಡಾಕ್ಟರ ಬಳಿಯೂ ಮಾತ್ರೆಯಿರಲಿಲ್ಲ.

ಮನೆಗೆ ಮರಳಿದ ವಾರದಲ್ಲೇ ಪಕ್ಕದ ಬೀದಿಯ ಬಟ್ಟೆ ಹೊಲಿಯುವವಳು ಕೂಸನ್ನೆತ್ತಿಕೊಂಡು ಬಂದಳು. ಕೂಸಿನ ಕತ್ತಿನಲ್ಲಿ ಉಣ್ಣಿ. ಅಂಗಳದ ತುಂಬ ಜನ. ಅತ್ತೆ ಉರಿಯುವ ಬತ್ತಿಯನ್ನು ದೊಡ್ಡ ಸೊಸೆಯತ್ತ ಹಿಡಿದು ಎಲ್ಲರೂ ಕೇಳುವಂತೆ ಹೇಳಿದಳು: "ನನ್ನ ಕಣ್ಣು ಮಂಜಾಯ್ತು ಕಣೇ. ಇನ್ನು ಈ ಕೆಲಸ ನಿನ್ನದೇ. ತಗೋ."

ಹದಿಮೂರು ವರ್ಷ ಕಾದ ಗಳಿಗೆ. ಅವಳು ಕೈ ಚಾಚಲಿಲ್ಲ.

"ನಾನು ಸುಡಲ್ಲ ಅತ್ತೆ. ನನ್ನ ಮಗಳ ಕಿವಿ ಹೋಗಿದ್ದು ಈ ಕೈಯಿಂದಲೇ."

"ಮನೆತನದ ಮರ್ಯಾದೆ ಕಳೀತೀಯೇನೇ? ಹಿಂದಿನವರೆಲ್ಲ ದಡ್ಡರಾ?"

"ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದೆ. ಗೊತ್ತಿದ್ದೂ ಮಾಡಿದರೆ ಅದು ಕೊಲೆ."

ಹೊಲಿಯುವವಳು ಮುಖ ಸಿಂಡರಿಸಿ ಕೂಸಿನೊಡನೆ ಹೊರಟೇಬಿಟ್ಟಳು. ದೊಡ್ಡ ಸೊಸೆ ಬೀದಿಯವರೆಗೂ ಹಿಂದೆ ಓಡಿದಳು. "ಬೈಕೋ ತಾಯಿ, ಎಷ್ಟು ಬೇಕಾದ್ರೂ ಬೈಕೋ. ಆದರೆ ನನ್ನ ಜೊತೆ ಆಸ್ಪತ್ರೆಗೆ ಬಾ." ದಾರಿಯುದ್ದಕ್ಕೂ ಅವಳು ಬೈದಳು. ಆದರೂ ಬಂದಳು.

ಬಿಳಿ ಕೋಟಿನವಳು ಬಾಗಿಲಿಗೆ ಬಂದಾಗ ದೊಡ್ಡ ಸೊಸೆ ಅವಳ ಮುಂದೆ ಹೋಗಿ ನಿಂತಳು. ಚಿಕ್ಕವಳು ಮದುವೆಯಾಗಿ ಬಂದಂದಿನಿಂದ ಅವಳನ್ನು ಒಮ್ಮೆಯೂ ತಂಗಿ ಎಂದು ಕರೆದಿರಲಿಲ್ಲ.

"ತಂಗೀ, ನೀನು ತೆಗಿ. ನಾನು ಕೂಸನ್ನ ಹಿಡ್ಕೋತೀನಿ. ಹೇಗೆ ತೆಗೀಬೇಕು ಅಂತ ನನಗೂ ಹೇಳಿಕೊಡು."