ಎಲ್ಲರೂ ನೆಲದ ಮೇಲೆ

ನೆನೆಹಾಕಿದ ಅವರೆಕಾಳನ್ನು ಒಂದೊಂದಾಗಿ ಹಿತುಕಿ ಬೇಳೆಯನ್ನು ಬಟ್ಟಲಿಗೆ ಹಾರಿಸುತ್ತಿದ್ದ ಸಾಕಮ್ಮನ ಮೊಣಕೈ ಪಕ್ಕದಲ್ಲೇ ಫೋನು ಗುರ್ರೆಂದಿತು. ಎರಡು ಕೈಯೂ ಒದ್ದೆ, ಬೆರಳ ತುದಿಗೆಲ್ಲ ಕಾಳಿನ ಲೋಳೆ. ಕಿರುಬೆರಳೊಂದನ್ನು ಸೆರಗಿಗೆ ಒರೆಸಿಕೊಂಡು ಅದರಿಂದಲೇ ಫೋನನ್ನು ಒತ್ತಿದಳು. ವಾಟ್ಸಾಪ್ ಗುಂಪಿಗೆ ಅಂದಾನಿ ಕಳಿಸಿದ್ದ ದನಿ ಅಡುಗೆಮನೆಯನ್ನೆಲ್ಲ ತುಂಬಿಕೊಂಡಿತು.

"ಸಾಕಮ್ಮಕ್ಕಾ, ಬೆಳಗ್ಗಿಂದ ವರದಿನೇ ಇಲ್ವಲ್ಲ? ನಮ್ಮ ರಾಗಿ ಹೊಲದ ಕ್ಯಾಪ್ಟನ್ನು ಎದ್ದವ್ನೋ, ಇನ್ನೂ ಗೊರಕೆ ಹೊಡೀತಾವ್ನೋ?"

ಒಳಕೋಣೆಯ ಮಂಚದಿಂದ ತಮ್ಮಯ್ಯ ಕೂಗಿದ. "ಆ ನಟ್ಟು ಬೋಲ್ಟು ಸಾಹೇಬ್ರಿಗೆ ಯೋಳಕ್ಕಯ್ಯ, ಕ್ಯಾಪ್ಟನ್ನು ಎದ್ದು ಹಲ್ಲುಜ್ಜಿ ಕುಂತವ್ನೆ ಅಂತ!"

ಕೂಗಿದ ಎಂದರೆ ಅವನ ಮಟ್ಟಿಗೆ ಅದು ಕೂಗು. ಬಾಗಿಲು ದಾಟುವಷ್ಟರಲ್ಲಿ ದನಿ ಅರ್ಧಕ್ಕರ್ಧ ಸೊರಗಿಹೋಗಿತ್ತು. ಸಾಕಮ್ಮ ಫೋನನ್ನು ಬಾಯಿಗೆ ಹಿಡಿದಳು.

"ಗಾಳಿಚೀಲ, ಕೇಳ್ರಪ್ಪಾ. ತಮ್ಮಯ್ಯಂಗೆ ಬೆಳಗ್ಗೆ ನೋವಿನ ಗುಳಿಗೆ ಒಂದು, ವಾಂತಿ ಗುಳಿಗೆ ಒಂದು, ಎರಡೂ ಕೊಟ್ಟಾಯ್ತು. ಗಂಜಿ ಅರ್ಧ ಲೋಟ ಕುಡ್ದವ್ನೆ. ಯಾರವ್ರೆ ಅಲ್ಲಿ?"

ದೋಹಾದಿಂದ ಗಂಗಾಧರನ ಉತ್ತರ ಬಂತು. "ನೋವಿನ ಗುಳಿಗೆ ಒಂದು, ವಾಂತಿ ಗುಳಿಗೆ ಒಂದು, ಎರಡೂ ಕೊಟ್ಟಾಯ್ತು. ಗಂಜಿ ಅರ್ಧ ಲೋಟ. ಸರಿ ಅಕ್ಕಾ."

ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ತೋರಿಸಲು ವಿಮಾನ ಇಳಿಯುವ ಬಯಲಿನಲ್ಲಿ ಕಂಬಕ್ಕೆ ಬಟ್ಟೆಯ ಚೀಲ ಕಟ್ಟಿರುತ್ತಾರೆ. ವಾಟ್ಸಾಪಿನ ಆ ಗುಂಪಿಗೆ ಅದರದೇ ಹೆಸರು. ಮೈಸೂರು ಸೀಮೆಯ ಒಂದು ಸಣ್ಣ ಶಾಲೆಯಲ್ಲಿ ತಮ್ಮಯ್ಯನಿಂದ ವಿಮಾನ ಹಾರಿಸಲು ಕಲಿತವರೆಲ್ಲ ಅದರಲ್ಲಿದ್ದರು. ಈಗ ಒಬ್ಬೊಬ್ಬರು ಒಂದೊಂದು ದೇಶದಲ್ಲಿ ಜನರನ್ನು ಹೊತ್ತು ಹಾರುತ್ತಿದ್ದರು. ಅಂದಾನಿ ಮಾತ್ರ ಹಾರುವವನಲ್ಲ, ಶಾಲೆಯ ವಿಮಾನಗಳನ್ನು ರಿಪೇರಿ ಮಾಡುತ್ತಿದ್ದವನು. ತಮ್ಮಯ್ಯ ಮದುವೆ ಆಗಿರಲಿಲ್ಲ. ಹೊಟ್ಟೆಯೊಳಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ ಸೀದಾ ಬಂದದ್ದು ಚೆನ್ನೈನ ಮೈಲಾಪೂರಿಗೆ, ಅಕ್ಕನ ಮನೆಗೆ. ರೈಲ್ವೆಯಲ್ಲಿದ್ದ ಗಂಡನ ಹಿಂದೆ ಮಂಡ್ಯದಿಂದ ಈ ಊರಿಗೆ ಬಂದ ಸಾಕಮ್ಮ, ಗಂಡ ಹೋದ ಮೇಲೂ ಇಲ್ಲೇ ಗಟ್ಟಿಯಾಗಿ ನಿಂತಿದ್ದಳು.

ತಮ್ಮಯ್ಯ ಬಂದ ಹೊಸತರಲ್ಲಿ ಅವಳು ಒಂದೇ ಗುಳಿಗೆಯನ್ನು ಮರೆತು ಎರಡು ಸಲ ಕೊಟ್ಟು, ಅವನು ಇಡೀ ದಿನ ಏಳದೆ ಮಲಗಿದ್ದ. ಅದು ಗುಂಪಿಗೆ ತಿಳಿದದ್ದೇ ಮೌನ ಎಂಬ ಶಿಷ್ಯೆ ಹೊಸ ಪದ್ಧತಿ ಹಾಕಿಕೊಟ್ಟಳು. ಹಾರಾಟದಲ್ಲಿ ನೆಲದವರು ರೇಡಿಯೋದಲ್ಲಿ ಹೇಳಿದ್ದನ್ನು ಮೇಲೆ ಹಾರುವವರು ಅಕ್ಷರ ಬಿಡದೆ ತಿರುಗಿ ಹೇಳಬೇಕು. ತಿರುಗಿ ಹೇಳದ ಮಾತು ಆಡಿದ ಮಾತೇ ಅಲ್ಲ. ಅಂದಿನಿಂದ ಸಾಕಮ್ಮ ಹೇಳುವುದು, ಜಗತ್ತಿನ ಯಾವುದೋ ಮೂಲೆಯಲ್ಲಿ ಎಚ್ಚರ ಇರುವವರು ತಿರುಗಿ ಹೇಳುವುದು. ಒಮ್ಮೆ ಬಾಯಿತಪ್ಪಿ ರಾತ್ರಿಯ ಗುಳಿಗೆಯ ಹೆಸರನ್ನು ಬೆಳಿಗ್ಗೆ ಹೇಳಿದಾಗ ದೇಶದೇಶದಿಂದ ಫೋನು ಬಂದು ಅವಳ ಕಾಫಿ ಆರಿಹೋಗಿತ್ತು.

ಇಷ್ಟು ಕಟ್ಟುನಿಟ್ಟಿನ ವರದಿಯಲ್ಲಿ ಒಂದು ಸಂಗತಿ ಮಾತ್ರ ಸೇರಿರಲಿಲ್ಲ. ಇನ್ನು ಪ್ರಯೋಜನವಿಲ್ಲವೆಂದು ಡಾಕ್ಟರು ದೀಪಾವಳಿಯ ಹೊತ್ತಿಗೇ ಕೀಮೋ ನಿಲ್ಲಿಸಿದ್ದರು. ಮನೆಗೆ ಬಂದು ನೋಡಿಹೋಗುವ ನರ್ಸಮ್ಮ ಮೊನ್ನೆ ಮೆಟ್ಟಿಲ ಹತ್ತಿರ, "ಪೊಂಗಲ್ ತನಕ ಅಂತ ಇಟ್ಟುಕೋ ಅಜ್ಜಿ" ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದ್ದಳು. ಅಂದರೆ ಸಂಕ್ರಾಂತಿಯವರೆಗೆ. ತಮ್ಮಯ್ಯನಿಗೂ ಅದು ಗೊತ್ತು. ಗುಂಪಿನವರಿಗೆ ತಿಳಿಸಲೆಂದು ಅವನು ಒಂದು ಪತ್ರವನ್ನೂ ಬರೆದಿದ್ದ. ಇಂಗ್ಲಿಷಿನಲ್ಲಿ ಬರೆದರೆ ಅಪಘಾತದ ವರದಿಯಂತೆ ಕಾಣುತ್ತದೆಂದು ಕನ್ನಡದಲ್ಲೇ ಬರೆದು, ಅಕ್ಕನಿಗೆ ಓದಿ ಹೇಳಿ, ತನ್ನ ಫೋನಿನಲ್ಲೇ ಇಟ್ಟುಕೊಂಡಿದ್ದ. ಕಾರ್ತೀಕ ಕಳೆದು ತಮಿಳರ ಮಾರ್ಗಳಿ ತಿಂಗಳು ಬಂದು, ಬೀದಿಯ ತುಂಬ ರಂಗೋಲಿ ಬಿದ್ದರೂ ಪತ್ರ ಹೊರಟಿರಲಿಲ್ಲ. ಸಂಜೆಯಾದರೆ ಗುಂಪಿಗೆ ಅವನ ಎರಡೇ ಮಾತು ಹೋಗುತ್ತಿತ್ತು: "ಎಲ್ಲಾ ಸರಿ."

ಸಾರು ಕುದಿ ಬರುವಾಗ ಮೌನ ಬಂದಳು. ಒಂದು ಕಾಲಕ್ಕೆ ಸೈಕಲ್ಲಿನಲ್ಲಿ ಶಾಲೆಗೆ ಬರುತ್ತಿದ್ದ ಹುಡುಗಿಯ ಹೆಗಲ ಮೇಲೆ ಈಗ ಕ್ಯಾಪ್ಟನ್ನಿನ ಚಿನ್ನದ ಪಟ್ಟಿಗಳು. ಬೂಟು ಬಿಚ್ಚುತ್ತಲೇ, "ಅಮ್ಮಾ, ಗೇಟಿಗೇ ಘಮ ಬಂತು. ಹಿತಕಿದ ಬೇಳೆ ತಾನೆ?" ಎಂದಳು.

"ಮೂಗು ಚೆಂದಾಗೈತೆ ನಿಂಗೆ. ವಿಮಾನನೂ ವಾಸ್ನೆ ಹಿಡ್ಕಂಡೇ ಓಡುಸ್ತೀಯೇನೋ."

"ನಿಮ್ಮ ತಮ್ಮನೇ ಕಲಿಸಿದ್ದು. ತಪ್ಪಿದ್ರೆ ಅವರನ್ನ ಕೇಳಿ."

ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತು ಸಾರು ಅನ್ನ ತಿನ್ನುತ್ತಾ ಮೌನ ಸುದ್ದಿ ಹೇಳಿದಳು. ಫೆಬ್ರವರಿಯಲ್ಲಿ ಗಾಳಿಚೀಲದವರೆಲ್ಲ ಹಳೆಯ ಶಾಲೆಯ ಬಯಲಿನಲ್ಲಿ ಸೇರುವುದೆಂದು ತೀರ್ಮಾನವಾಗಿದೆ. ಗಂಗಾಧರ ಹೆಂಡತಿ ಮಕ್ಕಳ ಸಮೇತ ಬರುತ್ತಾನೆ, ಟೊರೊಂಟೊದಿಂದ ನಮಿತಾ ಬರುತ್ತಾಳೆ, ಎಲ್ಲರೂ ರಜಕ್ಕೆ ಬರೆದುಕೊಟ್ಟಾಗಿದೆ. ಎರಡು ಸೀಟಿನ ಆ ಹಳೇ ವಿಮಾನವನ್ನು ಅಂದಾನಿ ತಾನೇ ನಿಂತು ಸಜ್ಜು ಮಾಡುತ್ತಿದ್ದಾನೆ.

"ಒಂದೇ ಒಂದು ಸುತ್ತು ಸರ್. ನೀವು ಎಡಗಡೆ ಸೀಟು, ನಾನು ಬಲಗಡೆ."

"ಬಲಗಡೆ ಮೇಷ್ಟ್ರ ಜಾಗ ಕಣೇ. ಅದು ನಂದು."

"ಈ ಸಲ ನೀವು ಶಿಷ್ಯ. ಸುಮ್ನೆ ಹೇಳಿದ್ದು ಮಾಡ್ಬೇಕು."

ತಮ್ಮಯ್ಯ ನಕ್ಕ. ನಗುವಾಗ ದವಡೆಯ ಮೂಳೆಗಳು ಎದ್ದು ಕಂಡವು. "ಫೆಬ್ರವರೀಲಿ ಗಾಳಿ ಒಳ್ಳೇದಿರುತ್ತೆ. ಬರ್ತೀನಿ" ಎಂದ.

ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಸಾಕಮ್ಮ ತಮ್ಮನ ಮುಖವನ್ನೇ ನೋಡಿದಳು. ಅವನು ಗೋಡೆ ನೋಡಿದ.

ಹೊರಡುವಾಗ ಬೂಟಿನ ದಾರ ಕಟ್ಟುತ್ತಾ ಮೌನ ತಲೆ ಎತ್ತದೆ ಕೇಳಿದಳು. "ಅಮ್ಮಾ, ಸರ್ ತುಂಬಾ ಇಳಿದಿದ್ದಾರೆ. ಫೆಬ್ರವರಿಗೆ..."

"ಇವತ್ತು ನೀನು ಹಾರ್ಬೇಕಾ?"

"ಸಂಜೆ. ದೆಹಲಿಗೆ."

"ಹಂಗಾದ್ರೆ ಹುಷಾರಾಗಿ ಹೋಗ್ಬಾರವ್ವ. ಅವನ ಮಾತು ಅವನೇ ಆಡ್ತಾನೆ."

ಮೌನ ದಾರದ ಗಂಟು ಬಿಗಿದು ಎದ್ದಳು. "ಅವರ ಮಾತು ಅವರೇ ಆಡ್ತಾರೆ. ಸರಿ ಅಮ್ಮಾ."

ಅವಳ ಬೂಟಿನ ಸದ್ದು ಮೆಟ್ಟಿಲಿಳಿದು ಹೋಗುವವರೆಗೆ ಕಾದು, ಸಾಕಮ್ಮ ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡಳು. "ಬರ್ತೀನಿ ಅಂದ್ಯಲ್ಲ, ಯಾವ ಬಸ್ಸಿಗ್ಲಾ?"

"ಸಂಜೆ ಹಾರೋ ಹುಡುಗಿ ಅಕ್ಕಯ್ಯ. ಹಾರೋರಿಗೆ ಕೆಟ್ಟ ಸುದ್ದಿ ಹೇಳ್ಬಾರ್ದು."

ಅದು ಶಾಲೆಯಲ್ಲಿ ಅವನೇ ಮಾಡಿದ್ದ ಕಟ್ಟಳೆ. ವಿಮಾನ ಏರುವವನ ತಲೆಯಲ್ಲಿ ವಿಮಾನವೊಂದನ್ನು ಬಿಟ್ಟು ಬೇರೇನೂ ಇರಬಾರದು. ಯಾರದೇ ಸಾವು ನೋವಾದರೂ ಅವನು ಇಳಿದ ಮೇಲೆಯೇ ತಿಳಿಸುವುದು. ಗುಂಪಿನಲ್ಲಿ ಇಂದಿಗೂ ಅದನ್ನು ಯಾರೂ ಮೀರುತ್ತಿರಲಿಲ್ಲ.

"ಹೋದ ವಾರ ಕೇಳಿದ್ರೆ ಗಂಗಾಧರ ಹಾರ್ತಾವ್ನೆ ಅಂದೆ. ಅದಕ್ಕೆ ಮುಂಚೆ ನಮಿತಾ ಅಂದೆ. ಲೋಕದ ತುಂಬ ಶಿಷ್ಯರ ಮಡಗಿದ್ದೀಯ, ಯಾವ ಗಳಿಗೇಲಿ ನೋಡಿದ್ರೂ ಒಬ್ರಲ್ಲ ಒಬ್ರು ಮ್ಯಾಲೇ ಇರ್ತಾರೆ. ನೀನು ಅದರ ಹಿಂದೆ ಬಚ್ಚಿಟ್ಕಂಡಿದ್ದೀಯ ಕಣ್ಲಾ."

ಪಕ್ಕದ ಮೇಲ್ಸೇತುವೆಯಲ್ಲಿ ರೈಲು ಸರಿದು ಹೋಯಿತು. ಕಿಟಕಿಯ ಗಾಜಿನ ನಡುಕ ನಿಂತ ಮೇಲೆ ತಮ್ಮಯ್ಯ ಬಾಯಿಬಿಟ್ಟ.

"ಅವ್ರಿಗೆ ಗೊತ್ತಾದ್ರೆ ಆ ದಿನದಿಂದ ಯಾರೂ ನನ್ನ ಬಯ್ಯಕಿಲ್ಲ ಅಕ್ಕಯ್ಯ. ಅಂದಾನಿ ರಾಗಿ ಹೊಲ ಅನ್ನಕಿಲ್ಲ. 'ಹೇಗಿದ್ದೀರಿ ಸರ್' ಅಂತ ಸಣ್ಣ ದನಿ ಮಾಡ್ತಾನೆ. ಸಾಯಾಕೆ ಭಯ ಇಲ್ಲ ನಂಗೆ. ಆ ಸಣ್ಣ ದನಿ ಕೇಳಕ್ಕಾಗಕಿಲ್ಲ."

ರಾಗಿ ಹೊಲದ ಕಥೆ ಸಾಕಮ್ಮನಿಗೂ ಬಾಯಿಪಾಠವಾಗಿತ್ತು. ಪ್ರಾಯದಲ್ಲಿ ತಮ್ಮಯ್ಯ ಮೇಲೆ ಹಾರುತ್ತಿದ್ದಾಗ ವಿಮಾನದ ಎಣ್ಣೆ ತಳ ಕಂಡಿತ್ತು. ರೇಡಿಯೋದಲ್ಲಿ ಹಾಗೆಂದು ಹೇಳಿದ್ದರೆ ಕೆಳಗಿದ್ದವರು ಅವನಿಗೇ ಮೊದಲು ಇಳಿಯಲು ದಾರಿ ಬಿಡುತ್ತಿದ್ದರು. ಎಲ್ಲರೂ ಕೇಳಿಸಿಕೊಂಡು ನಗುತ್ತಾರೆಂದು ನಾಚಿ, "ಎಲ್ಲಾ ಸರಿ" ಎನ್ನುತ್ತಾ ತನ್ನ ಸರದಿಗೆ ಸುತ್ತು ಹಾಕಿ, ಕೊನೆಗೆ ಯಾರದೋ ರಾಗಿ ಹೊಲದ ನಡುವೆ ಇಳಿದಿದ್ದ. ಆಮೇಲೆ ಬಂದ ಪ್ರತಿ ಶಿಷ್ಯನಿಗೂ ಅವನ ಮೊದಲ ಪಾಠ ಅದೇ: ಎಣ್ಣೆ ಕಡಿಮೆಯಾದರೆ ನಾಚದೆ ಹೇಳಿ.

"ಬಯ್ಯಾಕೆ ನಾನಿಲ್ವೇನ್ಲಾ?" ಎಂದಳು ಸಾಕಮ್ಮ. "ಆ ರಾಗಿ ಹೊಲ್ದೋನು ಎಷ್ಟು ಬೈದ್ನೋ ಅದರ ಎರಡರಷ್ಟು ಬೈತೀನಿ, ಕುಂತ್ಕಂಡು ಕೇಳು. ಅಷ್ಟು ಜನ ಫೆಬ್ರವರೀಲಿ ಬಂದು ಯಾರ ಮೊಕ ನೋಡ್ಬೇಕು? ಬರೋರು ಈಗ್ಲೇ ಬರ್ಲಿ. ಬೈದ್ರೆ ತಿರುಗಿಸಿ ಬಯ್ಯೋ ತ್ರಾಣ ನಿಂಗಿರ್ವಾಗ ಬರ್ಲಿ."

"ಎಲ್ಲಾರೂ ಒಟ್ಟಿಗೆ ಕೆಳಗಿರೋ ಹೊತ್ತು ಅನ್ನೋದೇ ಇಲ್ಲ ಅಕ್ಕಯ್ಯ."

"ಇಲ್ದಿದ್ರೆ ಮಾಡ್ಬೇಕು."

ಅವಳು ಫೋನೆತ್ತಿಕೊಂಡಳು. ಸೊಸೆಯಂದಿರನ್ನು ಹಬ್ಬಕ್ಕೆ ಕರೆಯುವ ದನಿಯಲ್ಲಿ ಶುರುಮಾಡಿದಳು.

"ಗಾಳಿಚೀಲ, ಕೇಳ್ರಪ್ಪಾ. ಭಾನುವಾರ ನಮ್ಮೂರಲ್ಲಿ ಮಧ್ಯಾನ ಊಟದ ಹೊತ್ಗೆ ನಿಮ್ಮ ಮೇಷ್ಟ್ರು ಪಾಠ ಮಾಡ್ತಾನಂತೆ. ಎಲ್ಲಾರೂ ಹಾಜರಿ ಹಾಕ್ಬೇಕು. ಮ್ಯಾಲಿರೋರಿಗೆ ಪಾಠ ಇಲ್ಲ. ರಜ ಹಾಕ್ತೀರೋ, ಅದಲು ಬದಲು ಮಾಡ್ಕತೀರೋ, ಅದು ನಿಮಗೆ ಬಿಟ್ಟಿದ್ದು. ಒಬ್ಬೊಬ್ರೂ ಹೆಸ್ರು ಹೇಳಿ ನೆಲದ ಮ್ಯಾಲಿದ್ದೀನಿ ಅನ್ಬೇಕು. ತಿರುಗಿ ಹೇಳಿ."

ಮೊದಲು ಬಂದದ್ದು ಅಂದಾನಿ. "ಪಾಠನಾ? ರಾಗಿ ಬಿತ್ತನೆ ಬಗ್ಗೇನಾ?" ಅವನ ಹಿಂದೆಯೇ ಒಬ್ಬೊಬ್ಬರಾಗಿ ತಿರುಗಿ ಹೇಳಿದರು. ಭಾನುವಾರ. ಊಟದ ಹೊತ್ತು. ನೆಲದ ಮೇಲೆ.

ತಮ್ಮಯ್ಯ ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡ. "ನೀನು ಶಾಲೆ ನಡೆಸ್ಬೇಕಿತ್ತು ಅಕ್ಕಯ್ಯ" ಎಂದ.

ಅವರೆಯ ಕಾಲದಲ್ಲಿ ಆ ಮನೆಯಲ್ಲಿ ಬೇರೆ ಸಾರಿಲ್ಲ. ಭಾನುವಾರವೂ ಸಾಕಮ್ಮ ಕೆರೆಬೀದಿಯ ಅಂಗಡಿಯಿಂದ ತಂದು ನೆನೆಹಾಕಿದ ಕಾಳಿನ ಪಾತ್ರೆಯನ್ನೂ ಬೇಳೆಯ ಬಟ್ಟಲನ್ನೂ ಈ ಸಲ ಮಂಚದ ಮೇಲೇ ಇಟ್ಟುಕೊಂಡು ಕೂತಳು. ತಮ್ಮಯ್ಯನ ಬೆನ್ನಿಗೆ ದಿಂಬು, ಮೈಗೆ ಒಗೆದ ಬಿಳಿ ಅಂಗಿ. ಅಂಗಿ ಬೇಕೆಂದು ಅವನೇ ಕೇಳಿ ಹಾಕಿಸಿಕೊಂಡಿದ್ದ. ಫೋನು ಅವನ ತೊಡೆಯ ಮೇಲಿತ್ತು.

"ಗಂಗಾಧರ, ದೋಹಾ. ನೆಲದ ಮೇಲೆ."

"ನಮಿತಾ, ಟೊರೊಂಟೊ. ನೆಲದ ಮೇಲೆ. ಇಲ್ಲಿ ಸರಿರಾತ್ರಿ ಸರ್, ಪಾಠ ಸಪ್ಪೆಯಾಗಿದ್ರೆ ಮಲಗಿಬಿಡ್ತೀನಿ."

"ಅಂದಾನಿ. ನೆಲದ ಮೇಲೆ. ಹುಟ್ಟಿದಾಗಿಂದ."

ಒಂದೊಂದು ಹೆಸರು ಬಂದಾಗಲೂ ತಮ್ಮಯ್ಯನ ತುಟಿ ಅದನ್ನು ತಿರುಗಿ ಹೇಳುತ್ತಿತ್ತು. ಉಳಿದವಳು ಮೌನ ಒಬ್ಬಳೇ. ಅವಳಿಗೆ ದೆಹಲಿಯ ಬೆಳಗಿನ ಹಾರಾಟವೊಂದನ್ನು ತಪ್ಪಿಸಿಕೊಳ್ಳಲು ಆಗಿರಲಿಲ್ಲ, ಮಧ್ಯಾಹ್ನಕ್ಕೆ ಇಳಿಯುತ್ತೇನೆಂದಿದ್ದಳು. ದೆಹಲಿಯಲ್ಲಿ ಮಂಜು ಕವಿದು ವಿಮಾನಗಳೆಲ್ಲ ತಡವೆಂದು ಯಾರೋ ಬರೆದರು. ಊಟದ ಹೊತ್ತು ಮೀರಿತು. ಬೇರೆ ಯಾರೂ ಕದಲಲಿಲ್ಲ.

"ಮೇಲಿದ್ದಾಳೆ" ಎಂದ ತಮ್ಮಯ್ಯ. "ಇನ್ನೊಂದಿನ ನೋಡಾಣ ಬುಡು."

"ಮ್ಯಾಲೆ ಹೋದೋಳು ಇಳೀಲೇಬೇಕಲ್ಲ. ವಸಿ ತಾಳು" ಎಂದು ಸಾಕಮ್ಮ ಕಾಳು ಹಿತುಕುತ್ತಲೇ ಇದ್ದಳು.

ಬೇಳೆಯ ಬಟ್ಟಲು ಮುಕ್ಕಾಲು ತುಂಬುವ ಹೊತ್ತಿಗೆ ಫೋನು ಗುರ್ರೆಂದಿತು. ಹಿಂದೆ ಜನ ಸಾಮಾನು ಇಳಿಸಿಕೊಳ್ಳುವ ಗದ್ದಲ, ಮುಂದೆ ಮೌನಳ ದನಿ, ಓಡಿಬಂದವಳಂತೆ. "ಮೌನ. ಈಗ ತಾನೇ ಇಳಿದೆ ಸರ್. ಇವತ್ತಿನ ಹಾರಾಟ ಮುಗೀತು. ನೆಲದ ಮೇಲೆ. ಎಲ್ಲರೂ ನೆಲದ ಮೇಲೆ."

ತಮ್ಮಯ್ಯ ಕನ್ನಡಕ ಹಾಕಿಕೊಂಡು ಪತ್ರ ತೆಗೆದ. ಅಕ್ಕನಿಗೆ ಕೇಳುವಷ್ಟು ದನಿಯಲ್ಲಿ ಇನ್ನೊಮ್ಮೆ ಓದಿದ.

"ನನ್ನಲ್ಲಿ ಎಣ್ಣೆ ಕಡಿಮೆ ಇದೆ. ಫೆಬ್ರವರಿಯ ತನಕ ಸಾಲುವುದಿಲ್ಲ. ಕೀಮೋವನ್ನು ದೀಪಾವಳಿಗೇ ನಿಲ್ಲಿಸಿದ್ದಾರೆ. ಈ ಸಲ ರಾಗಿ ಹೊಲಕ್ಕೆ ಇಳಿಯುವ ಇರಾದೆ ಇಲ್ಲದ್ದರಿಂದ ಮೊದಲೇ ಹೇಳುತ್ತಿದ್ದೇನೆ. ನನ್ನನ್ನು ನೋಡಬೇಕೆನ್ನುವವರು ಪೊಂಗಲ್‌ಗೆ ಮುಂಚೆ ಮೈಲಾಪೂರಿಗೆ ಬನ್ನಿ..."

ಅಲ್ಲಿಗೆ ನಿಲ್ಲಿಸಿ, ಕೊನೆಗೆ ಒಂದು ಸಾಲು ಹೊಸದಾಗಿ ಸೇರಿಸಿದ. ಅಕ್ಷರ ಅಕ್ಷರಕ್ಕೂ ಬೆರಳು ತಡೆಯಿತು. "ಸಪ್ಪೆ ಮುಖದವರಿಗೂ ಸಣ್ಣ ದನಿಯವರಿಗೂ ಮೆಟ್ಟಿಲು ಹತ್ತಲು ಅನುಮತಿ ಇಲ್ಲ."

"ನೀನೇ ಒತ್ತಕ್ಕಯ್ಯ."

"ನಾನ್ಯಾಕೆ ಒತ್ಲಿ? ವಿಮಾನ ನಿಂದು."

ಸಾಕಮ್ಮ ಫೋನನ್ನು ಅವನ ಬೆರಳಿನ ಕೆಳಗೆ ಹಿಡಿದಳು. ಅವನು ಒತ್ತಿದ. ಪತ್ರ ಅಲ್ಲಾಡಲಿಲ್ಲ. ಗಾಜಿನ ಮೇಲೆ ಅವಳ ಕೈಯಿಂದ ಹತ್ತಿದ ಕಾಳಿನ ಲೋಳೆ. ಸೆರಗಿನಿಂದ ಗಾಜನ್ನು ಒರೆಸಿ, ಅವನ ಬೆರಳನ್ನೂ ಒರೆಸಿ, ಮತ್ತೆ ಹಿಡಿದಳು. ಅವನು ಮತ್ತೆ ಒತ್ತಿದ. ಪತ್ರ ಹೋಯಿತು.

ತಿರುಗಿ ಹೇಳುವ ದನಿ ಇನ್ನೂ ಬಂದಿರಲಿಲ್ಲ. ತಮ್ಮಯ್ಯ ಕೈ ಚಾಚಿ ಪಾತ್ರೆಯ ನೀರಿನಿಂದ ಒಂದು ಅವರೆಕಾಳು ಎತ್ತಿಕೊಂಡ. ಎರಡು ಬೆರಳಿನ ನಡುವೆ ಇಟ್ಟು ಮೆಲ್ಲಗೆ ಹಿತುಕಿದ. ಬೇಳೆ ಸಲೀಸಾಗಿ ಜಾರಿ ಹೋಗಿ ಬಟ್ಟಲಿಗೆ ಬಿತ್ತು. ಸಿಪ್ಪೆ ಅವನ ಬೆರಳಲ್ಲೇ ಉಳಿಯಿತು.