ಡ್ರಮ್ಮಿಗೆ ಹೇಳಿದ ಮಾತು

ಸಿದ್ದಾಪುರದ ಗವಿಸಿದ್ದೇಶನಿಗಿದ್ದಂಥ ಹೆಬ್ಬೆರಳುಗಳು ಗಂಗಾವತಿಯಿಂದ ಕುಷ್ಟಗಿಯವರೆಗೆ ಹುಡುಕಿದರೂ ಇನ್ನೊಬ್ಬನಿಗೆ ಇರಲಿಲ್ಲ. ಅವು ಮೊಬೈಲಿನ ಮೇಲೆ ಓಡತೊಡಗಿದರೆ ಸುತ್ತಲಿನ ಅಕ್ಕಿ ಗಿರಣಿಗಳು ನಾಚಿಕೊಂಡು ಸದ್ದು ತಗ್ಗಿಸುತ್ತಿದ್ದವು. ಕಾದ ಗಾಜಿನ ಮೇಲೆ ಅವನವ್ವ ದುರಗಮ್ಮ ಎರಡು ರೊಟ್ಟಿ ಸುಟ್ಟು ತೆಗೆಯಬಹುದಿತ್ತು. ಅಂಥ ಬೆರಳಿನವನು ಒಂದೇ ವರ್ಷದಲ್ಲಿ ನಾಲ್ಕು ಸಾವಿರ ಸಲ ಸತ್ತ. ಲೆಕ್ಕ ಜಾಸ್ತಿಯಾಯಿತು ಎನ್ನುವವರು ತಾವೇ ಒಂದು ಸಲ ಹೋಗಿ ಸತ್ತು ಬರಲಿ, ಆಮೇಲೆ ಮಾತಾಡಲಿ.

ಸತ್ತದ್ದು ಆಟದಲ್ಲಿ. ಬಂದೂಕಿನ ಆಟ, ದೇಶದ ಮೂಲೆಮೂಲೆಯ ಜನ ಒಂದೇ ಹೊತ್ತಿಗೆ ಮೊಬೈಲಿನಲ್ಲಿ ಕೂಡಿ ಆಡುವಂಥದ್ದು. ಅದರ ನಕ್ಷೆಯಲ್ಲಿ ಬಹಳಷ್ಟು ಜಾಗ ಸಾಧು. ಅಲ್ಲಿ ಆಡುವವರು ಒಬ್ಬರನ್ನೊಬ್ಬರು ಹೊಡೆಯುವಂತಿಲ್ಲ, ಆಟವೇ ಹುಟ್ಟಿಸಿದ ಕಳ್ಳರನ್ನಷ್ಟೇ ಹೊಡೆಯಬೇಕು. ಆದರೆ ನಡುಮಧ್ಯೆ ಕೆಂಪು ಗೆರೆ ಎಳೆದ ಒಂದು ಸೀಮೆ ಇತ್ತು. ಅದಕ್ಕೆ ರೆಡ್ ಝೋನ್ ಎನ್ನುತ್ತಿದ್ದರು. ಅದರೊಳಗೆ ಕಾಲಿಟ್ಟವನನ್ನು ಯಾರು ಬೇಕಾದರೂ ಕೊಲ್ಲಬಹುದು, ಸತ್ತವನ ಮೈಮೇಲಿದ್ದದ್ದೆಲ್ಲ ಕೊಂದವನದು. ಬುದ್ಧಿ ನೆಟ್ಟಗಿದ್ದವರು ನಾಲ್ಕು ಜನ ಸ್ಕ್ವಾಡ್ ಕಟ್ಟಿಕೊಂಡು ಹೋಗುತ್ತಿದ್ದರು. ಗವಿಸಿದ್ದೇಶ ಒಬ್ಬನೇ ಹೋಗುತ್ತಿದ್ದ, ಅದೂ ಯಾರನ್ನೂ ಕೊಲ್ಲುವುದಕ್ಕಲ್ಲ. ಅವನು ಅಲ್ಲಿ ಉಮಾಪತಿಯನ್ನು ಹುಡುಕುತ್ತಿದ್ದ.

ಉಮಾಪತಿ ಅವನ ಸೋದರಮಾವ ಪಕೀರಪ್ಪನ ಒಬ್ಬನೇ ಮಗ. ಎರಡು ವರ್ಷ ದೊಡ್ಡವನಾದ್ದರಿಂದ ಗವಿಸಿದ್ದೇಶನಿಗೆ ಮಾಂವ, ಗವಿಸಿದ್ದೇಶ ಅವನಿಗೆ ಅಳಿಯ. ಆಟ ಕಲಿಸಿದವನೇ ಅವನು. ಕೊರೊನಾ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ ಇಬ್ಬರೂ ಕಾಲುವೆಯ ತೂಬಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತು ಆಡುತ್ತಿದ್ದರು. ಇವರಿಬ್ಬರು ಇಳಿದರೆಂದರೆ ಅರ್ಧ ಹಿಂದೂಸ್ತಾನ ಮೊಬೈಲ್ ಆರಿಸಿ ಮಲಗಿಬಿಡುತ್ತಿತ್ತು.

ಕೆಟ್ಟದ್ದು ಆಮೇಲೆ. ಗವಿಸಿದ್ದೇಶನ ತಂಗಿ ರೂಪಾ ತೊಟ್ಟಿಲಲ್ಲಿದ್ದಾಗಲೇ ಅವಳು ಉಮಾಪತಿಗೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ರೂಪಾ ಬೆಳೆದಳು, ಪರೀಕ್ಷೆ ಬರೆದಳು, ಯಲಬುರ್ಗಾದ ಕಡೆ ಪೊಲೀಸ್ ಕೆಲಸ ಹಿಡಿದಳು. ಮೊದಲ ರಜೆಗೆ ಬಂದವಳು ಊಟಕ್ಕೆ ಕೂತು, ಉಮಾಪತಿಯನ್ನು ತಾನು ಮದುವೆಯಾಗುವುದಿಲ್ಲವೆಂದು ಹೇಳಿ, ಮುರಿದ ರೊಟ್ಟಿಗೆ ಪಲ್ಯ ಹಚ್ಚಿಕೊಂಡು ತಿಂದಳು. ಅವಳು ಕೈ ತೊಳೆಯುವಷ್ಟರಲ್ಲಿ ಸುದ್ದಿ ಪಕೀರಪ್ಪನ ಪಡಸಾಲೆ ಮುಟ್ಟಿತ್ತು. ಸಂಜೆಯ ಹೊತ್ತಿಗೆ ಎರಡು ಮನೆ ಮಾತು ಬಿಟ್ಟಿದ್ದವು.

ಮಾತು ಬಿಡುವುದೆಂದರೆ ಸಿದ್ದಾಪುರದಲ್ಲಿ ಜಗಳವಲ್ಲ. ಜಗಳವಾದರೆ ಬಾಯಾದರೂ ತೆರೆದಿರುತ್ತದೆ. ಇಲ್ಲಿ ಒಂದೇ ಓಣಿಯಲ್ಲಿ ಎದುರಾದರೂ ಗಾಳಿ ಹಾಯ್ದಂತೆ ಹಾಯ್ದು ಹೋಗಬೇಕು. ಮೊದಲು ಬಾಯಿ ಬಿಟ್ಟವನು ಬಾಗಿದವನು, ಅದಕ್ಕೆ ಊರೇ ಸಾಕ್ಷಿ. ಹೀಗೆ ಒಂದು ಮಳೆಗಾಲ, ಎರಡು ಸುಗ್ಗಿ ಕಳೆದವು. ಉಮಾಪತಿ ಮೊಬೈಲಿನಿಂದಲೂ ಗವಿಸಿದ್ದೇಶನನ್ನು ತೆಗೆದುಹಾಕಿದ.

ಅಷ್ಟರಲ್ಲಿ ಹನುಮಸಾಗರದ ಕಡೆಯ ಹುಡುಗಿಯೊಂದಿಗೆ ಉಮಾಪತಿಯ ಮದುವೆ ಗೊತ್ತಾಯಿತು. ಮದುಮಗನ ಅರಿಶಿಣಕ್ಕೆ ಆರತಿ ಹಿಡಿಯುವವಳು ಸೋದರತ್ತೆ. ದುರಗಮ್ಮ ಪಕೀರಪ್ಪನಿಗೆ ಒಬ್ಬಳೇ ತಂಗಿ. ಕರೆಯದೆ ಹೋಗುವಂತಿಲ್ಲ, ಕರೆಯಲು ಅವರಿಗೆ ಬಾಯಿಲ್ಲ. ಅವಳು ಅತ್ತಿದ್ದರೆ ಗವಿಸಿದ್ದೇಶ ಹೇಗೋ ತಡೆದುಕೊಳ್ಳುತ್ತಿದ್ದ. ಅವಳು ಅಕ್ಕಿ ಆರಿಸುತ್ತ ಸುಮ್ಮನೆ ಹೇಳಿದಳು.

"ನಮ್ಮಣ್ಣನ ಮಗನ ಅರಿಶಿಣಕ್ಕ ನನ್ನ ಆರತಿ ಬ್ಯಾರೆ ಯಾರರ ಹಿಡದ್ರ, ನನಗ ತವರುಮನಿ ಇತ್ತಂತ ಮರತುಬಿಡತೀನಿ."

ಬಸ್ ಸ್ಟ್ಯಾಂಡಿನ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಮೌಲಾಹುಸೇನ ಇಬ್ಬರಿಗೂ ಗೆಳೆಯ. ನಡುವೆ ನಿಂತು ಮಾತಾಡಿಸು ಎಂದರೆ ಅವನು ಒಪ್ಪಲಿಲ್ಲ. ನಡುವೆ ನಿಂತವನಿಗೆ ಎರಡೂ ಕಡೆಯಿಂದ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಮಾತು ಬಿಟ್ಟ ಹೊಸತರಲ್ಲೇ ಒಂದು ಸುಳಿವು ಅವನು ಕೊಟ್ಟಿದ್ದ.

"ನಿಮ್ಮ ಮಾಂವ ರೆಡ್ ಝೋನ್‌ನ್ಯಾಗ ಒಬ್ಬನ ತಿರುಗತಾನ. ಹೆಸರು ಬದಲಿ ಮಾಡ್ಯಾನ. ಏನಂತ ಕೇಳಬ್ಯಾಡ, ನನ್ನ ಕೈಲೆ ಆಣಿ ಮಾಡಿಸ್ಕೊಂಡಾನ."

ಗವಿಸಿದ್ದೇಶನಿಗೆ ಅಷ್ಟು ಸಾಕಾಗಿತ್ತು. ಕೆಂಪು ಗೆರೆಯ ಒಳಗೆ ಊರಿಲ್ಲ, ಓಣಿಯಿಲ್ಲ, ಕಟ್ಟೆಯ ಮೇಲೆ ಕೂತು ನೋಡುವವರಿಲ್ಲ. ಅಲ್ಲಿ ತಾನೇ ಮೊದಲು ಬಾಯಿ ಬಿಟ್ಟರೂ ಯಾರು ಕಂಡಾರು? ಸ್ಕ್ವಾಡ್ ಕರೆದೊಯ್ದರೆ ಅವರು ಕಂಡವರನ್ನೆಲ್ಲ ಹೊಡೆಯುವವರು, ಉಮಾಪತಿಯನ್ನೂ ಹೊಡೆದಾರು. ಅದಕ್ಕೇ ಒಬ್ಬನೇ ಹೋದ.

ಹೋಗಿ ಮಾಡಿದ ತಪ್ಪಾದರೂ ಎಂಥದ್ದು! ಹಾದಿಯಲ್ಲಿ ಎದುರಾದವರನ್ನು ಮಾತಾಡಿಸದೆ ಹೋಗಬಾರದೆಂದು ಬೆಳೆದವನು. ಪೊದೆಯಲ್ಲಿ ನೆರಳು ಸರಿದರೆ ಸಾಕು, ಮೈಕ್ ಒತ್ತಿ, "ಯಾರ್ರೀ ಅದು? ಎತ್ತ ಹೊಂಟೀರಿ?" ಎಂದು ಕೇಳುತ್ತಿದ್ದ. ಪಂಜಾಬಿನವರು ಬೈದು ಹೊಡೆದರು, ಬಂಗಾಳದವರು ಹೊಡೆದು ಬೈದರು. ತೆಲುಗಿನವರ ಬೈಗುಳವಂತೂ, ಆಂಧ್ರದಿಂದ ಬಂದು ನೆಲೆಸಿದವರ ನಡುವೆ ಕಾಲುವೆ ಸೀಮೆಯಲ್ಲಿ ಬೆಳೆದವನಿಗೆ ಒಂದಕ್ಷರ ಬಿಡದೆ ತಿಳಿಯುತ್ತಿತ್ತು. ಒಬ್ಬ ಮಾತ್ರ, ಯಾವ ಸೀಮೆಯವನೋ, ಊಟಕ್ಕೆ ಹೊರಟಿದ್ದೇನೆ ಎಂದು ಹಿಂದಿಯಲ್ಲಿ ಹೇಳಿ, ನಯವಾಗಿ ಹಣೆಗೆ ಗುಂಡಿಟ್ಟ.

ಹೀಗೆ ಸಾಯುತ್ತ ಸಾಯುತ್ತ ಅವನು ಆ ಸೀಮೆಯನ್ನೆಲ್ಲ ತುಳಿದ. ಹಾಳುಬಿದ್ದ ಸಿಮೆಂಟ್ ಕಾರ್ಖಾನೆ, ಬತ್ತಿದ ಅಣೆಕಟ್ಟು, ಬಾಗಿಲು ತೆರೆದೇ ಇರುವ ಮನೆಗಳ ಸಾಲು. ಒಂದು ಶಾಲೆಯ ಅಂಗಳದಲ್ಲಿ ಗಾಳಿಯಿಲ್ಲದೆ ಜೋಕಾಲಿ ತೂಗುತ್ತಿತ್ತು. ಮನೆಗಳ ಒಳಗೆ ತಟ್ಟೆಗಳಿದ್ದವು, ಉಂಡವರಿರಲಿಲ್ಲ. ದಿನಗಟ್ಟಲೆ ಅಲ್ಲಿ ನಡೆದರೂ ಒಂದು ಕಾಗೆ ಕೂಗಿದ್ದು ಕೇಳಲಿಲ್ಲ. ಸಿದ್ದಾಪುರದ ಓಣಿಗಳಿಗಿಂತ ಆ ಓಣಿಗಳೇ ಅವನಿಗೆ ಹೆಚ್ಚು ಗುರುತಾದವು.

ಬೆರಳುಗಳೂ ಪಾಠ ಕಲಿತವು. ಮೈಕ್ ಮುಚ್ಚಿಟ್ಟುಕೊಳ್ಳುವುದು, ಬಯಲಲ್ಲಿ ನಿಲ್ಲದಿರುವುದು. ಎಲ್ಲಕ್ಕಿಂತ ಮೊದಲು, ಗುಂಡಿನ ಸದ್ದಾದರೆ ತಿರುಗಿ ನೋಡದೆ ಹಸಿರು ಗೇಟಿನ ಕಡೆ ಓಡುವುದು. ಆ ಗೇಟು ದಾಟಿದರೆ ಝೋನಿನಿಂದ ಜೀವಂತ ಹೊರಗೆ. ಒಂದು ಸಲವೂ ದಾಟಿರಲಿಲ್ಲ, ಆದರೂ ಓಡುವುದು ರಕ್ತಕ್ಕೆ ಇಳಿಯಿತು. ಗದ್ದೆ ಹದ ಮಾಡಲು ಟ್ರ್ಯಾಕ್ಟರ್ ಹೊಡೆಯುವಾಗ ಸೈಲೆನ್ಸರ್ ಒಮ್ಮೆ ಸಿಡಿದರೆ ಅವನ ಹೆಬ್ಬೆರಳು ಸ್ಟೇರಿಂಗಿನ ಮೇಲೇ ತಡಕಾಡುತ್ತಿತ್ತು. ಅವ್ವ ಹಿಂದಿನಿಂದ ಹೆಸರು ಹಿಡಿದು ಕರೆದರೆ ಕಾಲು ಚುರುಕಾಗುತ್ತಿತ್ತು. ಮನೆಯಲ್ಲಿ ಮಾತು ಕಡಿಮೆಯಾಗಿ, ಕೊನೆಗೆ ಹೂಂ ಎನ್ನುವುದಷ್ಟೇ ಉಳಿಯಿತು. ಮಗ ಯಾರೊಂದಿಗೆ ಮಾತು ಬಿಟ್ಟಿದ್ದಾನೆಂದು ದುರಗಮ್ಮನಿಗೇ ಗೊಂದಲವಾಯಿತು.

ಮದುವೆಗೆ ಹದಿನೈದು ದಿನವಿರಬಹುದು. ಮಧ್ಯಾಹ್ನ ಟ್ರ್ಯಾಕ್ಟರ್ ನಿಲ್ಲಿಸಿ, ತೂಬಿನ ಮೇಲೆ ಕೂತು ಝೋನಿಗೆ ಇಳಿದ. ಅಲ್ಲಿ ಆಂಧ್ರ, ತೆಲಂಗಾಣ ಎರಡೂ ಹಿಡಿಸುವಷ್ಟು ದೊಡ್ಡ ಗೋಧಿ ಹೊಲವೊಂದಿತ್ತು. ಆಟಕ್ಕೆ ಬಂದವರೆಲ್ಲ ಅದನ್ನು ನಡುವೆ ಸೀಳಿಕೊಂಡು ಓಡುವವರೇ. ಅವತ್ತು ಹಳದಿ ಹೆಲ್ಮೆಟಿನ ಒಬ್ಬ ಮನುಷ್ಯ ಹೊಲದ ಅಂಚು ಹಿಡಿದು, ಬದುವಿನ ಮೇಲೆ ಒಂದರ ಮುಂದೊಂದು ಹೆಜ್ಜೆ ಇಟ್ಟು ಹೋಗುತ್ತಿದ್ದ. ಮೂಲೆ ಬಂದಾಗಲೂ ಅಡ್ಡ ಹಾಯಲಿಲ್ಲ, ಸುತ್ತು ಹಾಕಿಯೇ ನಡೆದ. ಗುಂಡು ಬೀಳುವ ಜಾಗದಲ್ಲಿಯೂ ಬೆಳೆ ತುಳಿಯಬಾರದೆಂದು ಅಂಜುವ ಕಾಲು ಯಾವ ಪಂಜಾಬಿಯದ್ದೂ ಅಲ್ಲ, ಬಂಗಾಳಿಯದ್ದೂ ಅಲ್ಲ. ನಾಟಿ ಮಾಡಿದ ಗದ್ದೆಯಲ್ಲಿ ಚಿಕ್ಕಂದಿನಲ್ಲಿ ಓಡಿ, ಪಕೀರಪ್ಪನ ಕೈಯಲ್ಲಿ ಏಟು ತಿಂದ ಕಾಲು ಅದು. ಆ ಏಟಿನಲ್ಲಿ ಗವಿಸಿದ್ದೇಶನಿಗೂ ಪಾಲು ಸಿಕ್ಕಿತ್ತು.

ಅವನೂ ಬದು ಹಿಡಿದು ಹಿಂದೆ ನಡೆದ. ಹಳದಿ ಹೆಲ್ಮೆಟ್ ಸಿಮೆಂಟ್ ಕಾರ್ಖಾನೆಯೊಳಗೆ ಹೋಗಿ ನಿಂತಿತು. ನಡುವೆ ತುಕ್ಕು ಹಿಡಿದ ಒಂದು ಕಬ್ಬಿಣದ ಡ್ರಮ್. ಗವಿಸಿದ್ದೇಶ ಬಂದೂಕನ್ನು ನೆಲಕ್ಕೆ ಹಾಕಿ ಮೈಕ್ ತೆರೆದ. ತೆರೆದರೆ ಏನು, ತಿಂಗಳುಗಟ್ಟಲೆ ಮುಚ್ಚಿದ್ದ ಗಂಟಲಿನಿಂದ ಸ್ವರ ಬರಲಿಲ್ಲ. ಆ ಕಡೆಯಿಂದಲೇ ಬಂತು.

"ಏ ಡ್ರಮ್ಮ, ಹಿಂದ ಬಂದಾಂವಗ ಹೇಳು. ಅಷ್ಟ ಹತ್ರ ನಿಂತ್ರ ಇಬ್ರೂ ಒಂದ ಗುಂಡಿಗೆ ಸಾಯತೀವಿ ಅಂತ."

ಮಾತು ಬಿಟ್ಟವರಿಗೂ ಒಂದು ಕಿಂಡಿ ಇರುತ್ತದೆ. ಹೇಳಲೇಬೇಕಾದ್ದನ್ನು ಎಮ್ಮೆಗೆ, ಗೋಡೆಗೆ, ಕಂಬಕ್ಕೆ ಹೇಳಿದರೆ ಯಾರೂ ಬಾಗಿದಂತಲ್ಲ. ಆ ಕಿಂಡಿಯನ್ನೂ ಪಕೀರಪ್ಪನ ಮನೆ ಮುಚ್ಚಿ ವರ್ಷವಾಗಿತ್ತು. ಈಗ ಉಮಾಪತಿಯೇ ಅದನ್ನು ತೆರೆದಿದ್ದ. ಗವಿಸಿದ್ದೇಶ ಡ್ರಮ್ಮಿನ ಕಡೆ ತಿರುಗಿದ.

"ಡ್ರಮ್ಮ, ಅವರಿಗೆ ಹೇಳು. ಹಳದಿ ಹೆಲ್ಮೆಟ್ ಹಾಕ್ಕೊಂಡ್ರ ದೂರಿಂದ ಕುಂಬಳಕಾಯಿ ಬಂದಂಗ ಕಾಣತೈತಿ ಅಂತ."

"ಕುಂಬಳಕಾಯಿ ಇನ್ನೂ ಜೀವಂತ ಐತಿ ಡ್ರಮ್ಮ. ಎತ್ತ ಹೊಂಟೀರಿ ಅಂತ ಕೇಳಿ ಸಾಯೋ ಶಾಣ್ಯಾನ ಸುದ್ದಿ ಇಡೀ ಝೋನಿಗೆ ಗೊತ್ತೈತಿ ಅಂತ ಹೇಳು."

ಅಂದರೆ ಅವನು ಎಲ್ಲ ಕೇಳಿಸಿಕೊಂಡಿದ್ದ. ಅಷ್ಟು ದಿನವೂ ಅಲ್ಲೇ ಎಲ್ಲೋ ಪೊದೆಯಲ್ಲಿ ಇದ್ದ. ಗಿರಣಿಯ ಸೈರನ್ ಊದಿತು. ಮೊದಲು ಗವಿಸಿದ್ದೇಶನ ಕಿವಿಗೆ, ಅರೆಕ್ಷಣ ತಡೆದು ಮತ್ತೆ ಮೊಬೈಲಿನಿಂದ. ಉಮಾಪತಿ ಕೂಡ ಇದೇ ಕಾಲುವೆಯ ದಂಡೆಯ ಮೇಲೆ, ಎಲ್ಲೋ ಕೂಗಳತೆಯಲ್ಲಿ ಕೂತಿದ್ದ.

"ಡ್ರಮ್ಮ," ಎಂದ ಗವಿಸಿದ್ದೇಶ, "ಆರತಿ ಹಿಡಿಯಾಕಿ ಮನ್ಯಾಗ ಕುಂತಾಳ. ಕರೀತಾರೋ ಇಲ್ಲೋ, ಕೇಳಿ ಹೇಳು."

ಹಳದಿ ಹೆಲ್ಮೆಟ್ ಡ್ರಮ್ಮಿನ ಹತ್ತಿರಕ್ಕೆ ಒಂದು ಹೆಜ್ಜೆ ಬಂತು.

"ನಾಳಿ ನಮ್ಮವ್ವನ್ನ ಕಳಸತೀನಿ ಅಂತ ಹೇಳು ಡ್ರಮ್ಮ. ಕುಂಕುಮ ಹಚ್ಚಿ, ಅತ್ತೀನ ಕರದು ಬಾ ಅಂತೀನಿ."

ಝೋನಿನಲ್ಲಿ ಮೈಕಿನ ಮಾತು ಹತ್ತಿರವಿದ್ದ ಎಲ್ಲರಿಗೂ ಕೇಳುತ್ತದೆ. ಇವರಿಬ್ಬರೂ ಅದನ್ನು ಮರೆತಿದ್ದರು. ಮೇಲಿನ ಮಾಳಿಗೆಯಿಂದ ಗುಂಡಿನ ಮಳೆ ಸುರಿಯಿತು. ಹಳದಿ ಹೆಲ್ಮೆಟ್ ಮೊಣಕಾಲೂರಿ ಬಿತ್ತು. ಬಿದ್ದವನು ಕೂಡಲೇ ಸಾಯುವುದಿಲ್ಲ. ಇನ್ನೊಬ್ಬ ಪಕ್ಕದಲ್ಲಿ ನಿಂತು ನಾಲ್ಕು ಉಸಿರಿನಷ್ಟು ಹೊತ್ತು ಬೆರಳು ಒತ್ತಿ ಹಿಡಿದರೆ ಏಳುತ್ತಾನೆ. ಉಮಾಪತಿ ಈ ಸಲ ಡ್ರಮ್ಮನ್ನು ಕರೆಯಲಿಲ್ಲ.

"ಅಳಿಯಾ, ಬಿದ್ದೀನಿ. ಎತ್ತು."

ವರ್ಷದ ಮೇಲೆ ನೇರ ಆಡಿದ ಮಾತು. ಬಾಗಿದವನು ಅವನೇ. ಆದರೆ ಗವಿಸಿದ್ದೇಶನ ಹೆಬ್ಬೆರಳುಗಳು ಸದ್ದು ಕೇಳಿದ ಕೂಡಲೇ ಹೊರಟುಬಿಟ್ಟಿದ್ದವು. ಹಿಂದೂಸ್ತಾನದ ಯಾವ ಬೆರಳೂ ಓಡದಷ್ಟು ಜೋರಾಗಿ ಓಡಿದವು. ಗೋಡೆ ಹಾರಿ, ಗೋಧಿ ಹೊಲವನ್ನು ನಡುವೆ ಸೀಳಿಕೊಂಡು, ಹಸಿರು ಗೇಟು ದಾಟುವವರೆಗೂ ನಿಲ್ಲಲಿಲ್ಲ. ಹಿಂದಿನಿಂದ ಅಳಿಯಾ, ಅಳಿಯಾ ಎಂಬ ದನಿ ದೂರವಾದಷ್ಟೂ ಸಣ್ಣದಾಗಿ, ತೆಳುವಾಗಿ, ಆರಿಹೋಯಿತು. ಝೋನಿನಿಂದ ಜೀವಂತ ಹೊರಬಂದದ್ದಕ್ಕೆ ಮೊಬೈಲ್ ಬಣ್ಣಬಣ್ಣದ ಪಟಾಕಿ ಹಾರಿಸಿತು. ಗವಿಸಿದ್ದೇಶ ತನ್ನ ಎರಡು ಬೆರಳನ್ನು ಬೇರೆ ಯಾರವೋ ಎಂಬಂತೆ ನೋಡುತ್ತ ಕೂತ.

ಎದ್ದು ದಂಡೆಗುಂಟ ಓಡಿದ. ಅಲ್ಲಿ ಯಾರೂ ಇರಲಿಲ್ಲ. ಸಂಜೆ ಮೌಲಾಹುಸೇನನ ಅಂಗಡಿಯ ಮುಂದೆ ಉಮಾಪತಿ ಸಿಕ್ಕ. ಬೆಂಚಿನ ಮೇಲೆ ಇನ್ನಿಬ್ಬರಿದ್ದರು. ಗವಿಸಿದ್ದೇಶ ಎಲ್ಲರ ಮುಂದೆಯೇ ಮಾಂವಾ ಎಂದ. ಉಮಾಪತಿ ಎದ್ದು ನಿಂತು, ಬ್ಯಾಂಕಿನ ಸಾಹೇಬರಿಗೆ ಮುಗಿಯುವಂತೆ ಕೈ ಮುಗಿದ. ಮುಖದಲ್ಲಿ ಸಿಟ್ಟು ಹುಡುಕಿದರೂ ಸಿಗಲಿಲ್ಲ.

"ನಮಸ್ಕಾರ್ರಿ. ಹುಣ್ಣಿಮಿ ಆದಮ್ಯಾಲೆ ನಮ್ಮ ಮನ್ಯಾಗ ಲಗ್ನ ಐತ್ರಿ. ಎಲ್ಲಾರೂ ಊಟಕ್ಕ ಬರ್ರಿ."

"ಮಾಂವಾ, ನಾ ಬೇಕಂತ ಓಡಲಿಲ್ಲ. ನನ್ನ ಕೈ..."

"ಇರ್ಲಿ ಬಿಡ್ರಿ. ಆಟ ಐತ್ರಿ ಅದು."

ಹೇಳಿ ಮೋಟರ್ ಸೈಕಲ್ ಹತ್ತಿ ಹೋದ. ಮೌಲಾಹುಸೇನ ಸ್ಕ್ರೂಡ್ರೈವರ್ ಕೆಳಗಿಟ್ಟು, ಇಬ್ಬರೂ ಮಾತಾಡಿದರಲ್ಲ ಎಂದು ಹಿಗ್ಗಿ ಎಲ್ಲರಿಗೂ ಚಹಾ ತರಿಸಿದ. ಚಹಾ ಬರುವ ಮೊದಲೇ ಸುದ್ದಿ ಇಡೀ ಸಿದ್ದಾಪುರ ಸುತ್ತಿ, ಮುಗಿಯದೆ ಗಂಗಾವತಿ ಬಸ್ಸನ್ನೂ ಹತ್ತಿತು. ದುರಗಮ್ಮ ಬಾಗಿಲಲ್ಲೇ ನಿಂತಿದ್ದಳು. ಉಮಾಪತಿ ಏನೆಂದ ಎಂದು ಕೇಳಿದಳು. ಊಟಕ್ಕೆ ಕರೆದ ಎಂದ ಮಗ.

"ಎಲ್ಲಿ ಕರದ?"

"ಅಂಗಡಿ ಮುಂದ."

ಮನೆಗೆ ಬಂದು ಕುಂಕುಮ ಹಚ್ಚದ ಕರೆ ಪರರಿಗೆ ಕೊಡುವ ಕರೆ; ಅವಳು ಬಾಗಿಲು ಬಿಟ್ಟು ಒಳಗೆ ಹೋದಳು. ಮರುದಿನ ಪಕೀರಪ್ಪನ ಮನೆಯ ಹೆಂಗಸರು ಕುಂಕುಮ ಹಿಡಿದು ಓಣಿ ತುಂಬ ಓಡಾಡಿದರು. ಇವರ ಹೊಸ್ತಿಲು ಯಾರೂ ಏರಲಿಲ್ಲ.

ಅರಿಶಿಣದ ದಿನ ಬ್ಯಾಂಡು ಓಣಿಗೆ ಬಂದಾಗ ದುರಗಮ್ಮ ಬಾಗಿಲು ಎಳೆದುಕೊಂಡು ಜೋಳ ಹಸನು ಮಾಡಿದಳು. ಆರತಿಯನ್ನು ಇರಕಲ್ಲಗಡದ ದೂರದ ನೆಂಟರ ಹೆಂಗಸೊಬ್ಬಳು ಹಿಡಿದಳಂತೆ. ಮದುವೆಗೆ ಗವಿಸಿದ್ದೇಶ ಒಬ್ಬನೇ ಹೋದ. ಮೂರನೆಯ ಪಂಕ್ತಿಯಲ್ಲಿ, ಗುರುತಿಲ್ಲದ ಬೀಗರ ನಡುವೆ ಜಾಗ ಸಿಕ್ಕಿತು. ಗೋಧಿ ಹುಗ್ಗಿಯ ಬಕೆಟ್ ಹಿಡಿದು ಪಕೀರಪ್ಪನೇ ಬಂದ. ಚಿಕ್ಕಂದಿನಲ್ಲಿ ಇವನನ್ನು ಹೆಗಲ ಮೇಲೆ ಹೊತ್ತು, ಲೇ ಎಂದೇ ಕರೆಯುತ್ತ ಗದ್ದೆ ತಿರುಗಿದ ಮಾವ. ಎಲೆಯ ಮುಂದೆ ಬಗ್ಗಿ, ಪಕ್ಕದವನಿಗೆ ಕೇಳಿದ ದನಿಯಲ್ಲೇ ಕೇಳಿದ.

"ಇನ್ನೊಂದೀಟು ಹಾಕ್ಲೇನ್ರಿ?"

"ಹಾಕ್ರಿ," ಎಂದ ಗವಿಸಿದ್ದೇಶ.