ಎಳೆದು ನೋಡದ ಗಂಟು

ಪರಿಮಳಾ ರಾಜೀನಾಮೆ ಪತ್ರ ಬರೆದು ಚೀಲದಲ್ಲಿಟ್ಟುಕೊಂಡು ಹದಿನೈದು ದಿನ ಆಗಿತ್ತು. ಶಹಾಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ನರ್ಸ್ ಆಗಿ ದುಡಿದು ಅವಳ ಜೀವ ರೋಸಿಹೋಗಿತ್ತು. ಹಾಸಿಗೆ ಹಿಡಿದವರ ಮೈ ಒರೆಸುವುದು, ಸತ್ತವರ ಕಣ್ಣು ಮುಚ್ಚುವುದು, ಮನೆಗೆ ಬಂದು ಉಣ್ಣಲು ಕೂತರೆ ಕೈತುಂಬ ಔಷಧದ ವಾಸನೆ. ಊರಾಚೆಯ ಬೆಟ್ಟದಲ್ಲಿ ಶಾಲೆ ಮಕ್ಕಳಿಗೆ ಬಂಡೆ ಹತ್ತುವುದನ್ನು ಕಲಿಸುವ ಸಂಗಮನಾಥ ಅವಳಿಗೂ ಕಲಿಸಿ, ಕೆಲಸಕ್ಕೆ ಕರೆದಿದ್ದ. ದಿನವಿಡೀ ಬಯಲು ಗಾಳಿ, ನಗುವ ಮಕ್ಕಳು! ಯಾರಿಗೆ ಆಸೆಯಾಗುವುದಿಲ್ಲ?

ತಾಯಿ ದೇವಕಮ್ಮನಿಗೆ ಮಾತ್ರ ಇದು ಶುದ್ಧ ಹುಚ್ಚು. "ನೆಳ್ಳಾಗಿನ ನೌಕರಿ ಬಿಟ್ಟು ಕಲ್ಲು ಹತ್ತಾಕ ಹೊಂಟಾಳ. ಮಂದಿ ಏನಂದಾರು?"

"ಮಂದಿ ಬಂದು ನನ್ನ ಡ್ಯೂಟಿ ಮಾಡ್ತಾರೇನಬೇ?"

ಈ ಭಾನುವಾರ ಬೆಟ್ಟದಲ್ಲಿ ಅವಳೊಬ್ಬಳೇ ಕೆಳಗೆ ನಿಂತು, ಹತ್ತುವ ಮಕ್ಕಳು ಬೀಳದಂತೆ ಬಂಡೆಯ ತುದಿಯ ಕೊಂಡಿ ಹಾಯ್ದು ಬಂದ ಹಗ್ಗ ಹಿಡಿಯಬೇಕಿತ್ತು. ಸರಿಹೋದರೆ ಸೋಮವಾರ ಪತ್ರ ಕೊಡುವುದೆಂದು ನಿಶ್ಚಯಿಸಿದ್ದಳು.

ಎಂಟನೆಯ ತರಗತಿಯ ಶಿವರಂಜನಿಯ ಸೊಂಟದ ಪಟ್ಟಿಗೆ ಸಂಗಮನಾಥ ಹಗ್ಗ ಕಟ್ಟುತ್ತಿದ್ದಾಗ ಫೋನು ಬಂತು. ಮಾತಾಡುತ್ತಲೇ ಕಟ್ಟಿದ. "ಎಲ್ಲಾ ನೋಡೇನ್ರಿ ಸಿಸ್ಟರ್, ಇನ್ನ ನೀವು ತಗೋರಿ," ಎಂದು ಹಗ್ಗದ ಇನ್ನೊಂದು ತುದಿ ಕೊಟ್ಟು ಅತ್ತ ಹೋದ.

ಹಗ್ಗ ಹಿಡಿಯುವವರು ಗಂಟನ್ನು ತಾವೇ ಎಳೆದು ನೋಡಬೇಕು. ಅವನೇ ಕಲಿಸಿದ ಪಾಠ. ಆದರೆ ಅವಳ ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಹಿರಿಯ ಸಿಸ್ಟರು "ಎಲ್ಲಾ ನೋಡೇನಿ" ಎಂದರೆ ಮುಗಿಯಿತು. ಮತ್ತೆ ನೋಡಿದರೆ ಅವರ ಮುಖಕ್ಕೆ ಹೊಡೆದಂತೆ. ಆ ಹಾಳು ಮರ್ಯಾದೆ ಬೆಟ್ಟಕ್ಕೂ ಅವಳ ಬೆನ್ನು ಹತ್ತಿ ಬಂದಿತ್ತು. "ಹೂಂರಿ," ಎಂದಳು. ಗಂಟು ಮುಟ್ಟಲಿಲ್ಲ.

ಹುಡುಗಿ ಬರಿಗಾಲಲ್ಲಿ ಸರಸರ ಹತ್ತಿದಳು. ತುದಿ ಮುಟ್ಟಿ, ಕೇಕೆ ಹಾಕಿ, ಇಳಿಯಲು ಕಲಿಸಿದಂತೆ ಹಗ್ಗದ ಮೇಲೆ ಭಾರ ಬಿಟ್ಟಳು. ಗಂಟು ಬಿಚ್ಚಿಕೊಂಡಿತು.

ಬಿದ್ದ ಸದ್ದಿಗೆ ಓಡಿಬಂದ ಸಂಗಮನಾಥ ಹುಡುಗಿಯನ್ನು ಎತ್ತಲು ಬಾಗಿದ.

"ಮುಟ್ಟಬ್ಯಾಡ್ರಿ!" ಪರಿಮಳಾ ಚೀರಿದಳು. "ಬೆನ್ನ ಮುರದಿರಬೇಕು. ಆಂಬುಲೆನ್ಸಿಗೆ ಫೋನ್ ಹಚ್ರಿ."

ಹುಡುಗಿಯ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂತಳು. ಈಗ ಇಷ್ಟು ಜಾಣತನ ತೋರಿಸುವ ಆ ಕೈಗಳ ಮೇಲೆ ಅವಳಿಗೇ ಹೇಸಿಗೆಯಾಯಿತು.

"ತಂಗೀ, ಕಾಲ್ಬೆರಳು ಆಡಸು, ನೋಡೂನು."

ಶಿವರಂಜನಿ ಹಲ್ಲು ಕಚ್ಚಿದಳು. ಕೆಂಪು ಧೂಳು ಮೆತ್ತಿದ ಹತ್ತು ಬೆರಳುಗಳೂ ಇದ್ದಲ್ಲೇ ಇದ್ದವು.

"ಆಡಸಾಕತ್ತೇನಲ್ರಿ ಅಕ್ಕಾ," ಎಂದಳು ಹುಡುಗಿ. "ಇನ್ನಾ ಜೋರ ಆಡಸ್ಲೇನ್ರಿ?"